ವೆಂಕಟಲಕ್ಷ್ಮಿಯವರಿಗೆ ಮಾರಿದ ಬೋರ್ಡು

ಮೇ 3, ಶನಿವಾರ

ಕೈಟ್ ಕಟ್ಟಿಕೊಂಡು ಸಮುದ್ರದ ಮೇಲೆ ಜಾರುವ ಹೊಸ ಬೋರ್ಡುಗಳು ಬಂದವು. ನಾನೂ ಏಳುಮಲೈಯೂ ರಟ್ಟು ಹರಿದು, ಒಂದೊಂದಾಗಿ ಅಂಗಡಿಯ ಗೋಡೆಗೆ ಒರಗಿಸಿದೆವು. ಐದು ಸಾಧಾರಣ. ಆರನೆಯದನ್ನು ಕೈಗೆತ್ತಿಕೊಂಡ ಮೇಲೆ ಕೆಳಗಿಡಲು ಮನಸ್ಸಾಗಲಿಲ್ಲ. ನೂರ ನಲವತ್ತೆರಡು ಸೆಂಟಿಮೀಟರ್ ಉದ್ದ, ಅಗಲ ಧಾರಾಳ, ತುದಿಗಳಲ್ಲಿ ಬಾಗು ಕಡಿಮೆ, ಮಂಡಿಗೆ ಕೊಟ್ಟು ಒತ್ತಿದರೆ ಹದವಾಗಿ ಮಣಿಯುತ್ತದೆ. ಕಲಿಯುವವರಿಗೂ ಆಗುತ್ತದೆ, ಕಲಿತವರಿಗೂ ಆಗುತ್ತದೆ. ಆಲ್‌ರೌಂಡ್ ಬೋರ್ಡ್ ಎಂದರೆ ಇದು. ನಮ್ಮ ಕೋವಳಂನ ಮೆತ್ತನೆಯ ಗಾಳಿಗೆ ಹೇಳಿ ಮಾಡಿಸಿದ ಹಾಗಿದೆ. ಈ ಸೀಸನ್ನಿಗೆ ಒಂದೇ ಒಂದು ಕಳಿಸಿದ್ದಾರೆ.

ನನ್ನ ಬೋರ್ಡಿನ ಅಂಚು ಹೋದ ವರ್ಷವೇ ಸೀಳಿದೆ. ಆರನೆಯದನ್ನು ಒಳಕೋಣೆಗೆ ಒಯ್ದು ಕೈಟ್ ಚೀಲಗಳ ಹಿಂದೆ ನಿಲ್ಲಿಸಿದೆ. ಮಾಲೀಕರು ಪುದುಚೇರಿಯಲ್ಲಿದ್ದಾರೆ, ನಿಧಾನವಾಗಿ ಹೇಳಿದರಾಯಿತು. ಏಳುಮಲೈ ನೋಡಿದ. ಹರಿದ ರಟ್ಟುಗಳನ್ನು ಒಟ್ಟುಮಾಡತೊಡಗಿದ.

ಗಾಳಿ ಆಗ್ನೇಯ, ವೇಗ ಹದಿನಾಲ್ಕು ನಾಟ್, ಎರಡು ಗಂಟೆಯಿಂದ ಐದೂವರೆ. ಇಷ್ಟನ್ನು ಬರೆಯಲೆಂದೇ ಇಟ್ಟ ಪುಸ್ತಕ ಇದು. ಉಳಿದದ್ದು ಯಾಕೆ ಬರೆಯುತ್ತೇನೋ.

ಮೇ 4, ಭಾನುವಾರ

ಅಗ್ನಿನಕ್ಷತ್ರದ ಸುಡುಬಿಸಿಲು ಶುರು. ಮರಳಿನ ಮೇಲೆ ಚಪ್ಪಲಿಯಿಲ್ಲದೆ ನಿಲ್ಲಲಾಗದು.

ಮಾಧವರಂ ಮೇಡಂ ಬಂದಿದ್ದರು. ವೆಂಕಟಲಕ್ಷ್ಮಿ ಅಂತ ಹೆಸರು. ವಿಮೆ ಕಂಪನಿಯಲ್ಲಿ ಆಫೀಸರ್, ಐವತ್ತಮೂರು ವಯಸ್ಸು, ಒಳ್ಳೆ ದಪ್ಪ ಆಳು. ಮಾರ್ಚಿನಿಂದ ಏಳುಮಲೈಯ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ. ನಾನು ಹೆಂಡತಿ ಸುಮತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಅವರ ಕಿವಿಗೆ ಬಿತ್ತು.

"ಅಯ್ಯೋ, ನೀವು ಕನ್ನಡದವರಾ? ಎರಡು ತಿಂಗಳಿಂದ ನಿಮ್ಮ ಹತ್ರ ತಮಿಳಲ್ಲೇ ಮಾತಾಡ್ತಿದ್ದೀನಲ್ಲ!"

"ಹೌದು ಮೇಡಂ. ಅಪ್ಪ ರೈಲ್ವೇಲಿದ್ರು. ರಾಯಪುರಂನಲ್ಲಿ ಬೆಳೆದೋನು ನಾನು."

"ನಾವು ತಾತನ ಕಾಲದಲ್ಲೇ ಇಲ್ಲಿಗೆ ಬಂದ್ವಿ. ನನ್ನ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳಿರುತ್ತೆ, ಸಿರಿಕ್ಕಬೇಡಿ" ಎಂದು ತಾವೇ ನಕ್ಕರು.

ಸ್ವಂತ ಬೋರ್ಡು ಬೇಕಂತೆ. ಒಂದು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು: ಆಲ್‌ರೌಂಡ್, ನೂರ ನಲವತ್ತಕ್ಕಿಂತ ಮೇಲೆ, ಅಗಲ ಹೆಚ್ಚು. "ನನ್ನ ತೂಕ ಎಪ್ಪತ್ತಾರು. ಇದೇ ಸರಿ ಅಂತ ಎಲ್ಲಾ ಕಡೆ ಹಾಕಿದ್ದಾರೆ. ನಿಮ್ಮಲ್ಲಿದೆಯಾ?"

"ಒಂದಿತ್ತು ಮೇಡಂ. ಬುಕ್ ಆಗಿಬಿಟ್ಟಿದೆ" ಎಂದೆ.

ಎರಡು ವರ್ಷದಿಂದ ಗೋಡೆಗೆ ಒರಗಿಕೊಂಡೇ ಇರುವ ನೂರ ಮೂವತ್ತನಾಲ್ಕನ್ನು ತೆಗೆದು ತೋರಿಸಿದೆ. ಕಿರಿದು, ಗಡುಸು, ತುದಿಗಳು ಮೇಲಕ್ಕೆ ಬಾಗಿದ್ದು. ಜೋರು ಗಾಳಿಯಲ್ಲಿ ಎಗರಿ ಹಾರುವ ಹುಡುಗರ ಬೋರ್ಡು. "ಇದೂ ಆಲ್‌ರೌಂಡೇ" ಅಂದೆ.

"ನೀವು ಹೇಳಿದ ಮೇಲೆ ಸರಿ. ನಮ್ಮೋರು ಬೇರೆ" ಎಂದು ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಇಂಥವರನ್ನು ಎಷ್ಟು ಜನ ನೋಡಿಲ್ಲ. ಒಂದು ತಿಂಗಳು ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಮಳೆಗಾಲದ ಹೊತ್ತಿಗೆ ಬೋರ್ಡು ಮಂಚದ ಕೆಳಗೆ ಸೇರುತ್ತದೆ. ಅವರಿಗೆ ಯಾವುದಾದರೇನು.

ಮೇ 10, ಶನಿವಾರ

ಹದಿಮೂರು ನಾಟ್.

ಮಾಧವರಂ ಮೇಡಂ ಹೊಸ ಬೋರ್ಡಿನಲ್ಲಿ ಮೊದಲ ಸಲ ಇಳಿದರು. ಕೈಟ್ ಎಳೆಯುತ್ತದೆ, ಏಳುತ್ತಾರೆ, ಹತ್ತು ಗಜ ಜಾರುತ್ತಾರೆ, ಬೋರ್ಡು ಮುಳುಗುತ್ತದೆ. ಪ್ರತಿಸಲವೂ ಗಾಳಿ ಅವರನ್ನು ಬಡಗಣಕ್ಕೆ ತಳ್ಳಿಕೊಂಡು ಹೋಗುತ್ತದೆ. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಿ ಹೊರಟ ಜಾಗಕ್ಕೇ ಮರಳಿದರೆ ಮಾತ್ರ ಈ ಆಟ ಬಂತು ಎಂದು ಅರ್ಥ. ಅದಕ್ಕೆ ಕಾಲ ಕೆಳಗೆ ಅಗಲವಾದ ಹಲಗೆ ಬೇಕು. ಅವರ ಕಾಲ ಕೆಳಗೆ ಅದಿಲ್ಲ. ಅರ್ಧ ಮೈಲಿ ಆಚೆ ದಡ ಹತ್ತಿ, ಕೈಟ್ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಬೋರ್ಡು ಕಂಕುಳಲ್ಲಿ ಹಿಡಿದು, ಸುಡುವ ಮರಳಿನಲ್ಲಿ ನಡೆದು ಬಂದರು. ಮೂರು ಸಲ. ಈ ನಡಿಗೆಗೆ ನಮ್ಮ ಹುಡುಗರು ವಾಕ್ ಆಫ್ ಶೇಮ್ ಅನ್ನುತ್ತಾರೆ. ಇವತ್ತೂ ಒಬ್ಬ ಅಂದ. ಮೇಡಂಗೆ ಕೇಳಿಸಿತು, ಅವರೂ ನಕ್ಕರು.

"ಎಲ್ಲಿ ತಪ್ಪು ಮಾಡ್ತಿದ್ದೀನಿ ಶ್ರೀಶ ಅವರೇ? ಇಲ್ಲಿ ಪಾಠಕ್ಕೆ ಕೊಡೋ ಸ್ಕೂಲ್ ಬೋರ್ಡಲ್ಲಿ ಇಷ್ಟು ಕಷ್ಟ ಇರ್ಲಿಲ್ವಲ್ಲ."

"ಅದು ತುಂಬಾ ದೊಡ್ಡದು ಮೇಡಂ, ಯಾರನ್ನಾದ್ರೂ ತೇಲಿಸುತ್ತೆ. ಇದು ಅಭ್ಯಾಸ ಆಗ್ಬೇಕು. ಸ್ವಲ್ಪ ತೂಕ ಇಳಿದ್ರೆ ಇನ್ನೂ ಸುಲಭ ಆಗುತ್ತೆ."

ಆ ಕೊನೆಯ ಮಾತು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂತು.

ಮೇ 11, ಭಾನುವಾರ

ಹದಿನಾರು ನಾಟ್. ಸೀಸನ್ನಿನ ಅತಿ ಒಳ್ಳೆಯ ದಿನ. ಒಳಕೋಣೆಯ ಬೋರ್ಡನ್ನು ಹೊರಗೆ ತೆಗೆದೆ.

ಬೆಣ್ಣೆ. ಬೇರೆ ಮಾತಿಲ್ಲ. ಗಾಳಿ ಇಳಿದಾಗಲೂ ಮುಳುಗಲಿಲ್ಲ, ಅಂಚು ಒತ್ತಿದರೆ ಸಾಕು, ಗಾಳಿಗೆ ಎದುರಾಗಿ ಗೆರೆ ಎಳೆದ ಹಾಗೆ ಹೋಯಿತು. ಒಂದೂವರೆ ಗಂಟೆ ದಡ ನೆನಪಾಗಲಿಲ್ಲ.

ದಡಕ್ಕೆ ಬಂದಾಗ ಎದುರಿಗೆ ಮಾಧವರಂ ಮೇಡಂ. ಬಡಗಣದಿಂದ ನಡೆದುಕೊಂಡು ಬರುತ್ತಿದ್ದರು. ಮುಖವೆಲ್ಲ ಕೆಂಪು, ಮೊಣಕೈ ತರಚಿ ಹೋಗಿತ್ತು.

"ಎಷ್ಟು ಚೆನ್ನಾಗಿ ಹೋಗ್ತೀರಿ! ನಿಂತು ನೋಡ್ತಾನೇ ಇದ್ದೆ." ಬಗ್ಗಿ ಬೋರ್ಡನ್ನು ಮುಟ್ಟಿದರು. ಅಡಿಯಲ್ಲಿ ಅಚ್ಚಾದ ಅಂಕಿ ಕಾಣುತ್ತಿತ್ತು. "ನೂರ ನಲವತ್ತೆರಡು. ನಾನು ಕೇಳಿದ್ದೂ ಇದೇ ತರಹದ್ದಲ್ವಾ?"

"ಇದು ನನ್ನದು ಮೇಡಂ. ಹಳೇದು."

"ಹಳೇದಾ! ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದೀರಿ" ಎಂದರು. ವ್ಯಂಗ್ಯವೇನಾದರೂ ಇದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ನಿಜವಾಗಿಯೂ ಮೆಚ್ಚಿಕೊಂಡಿದ್ದರು.

ಅಂಗಡಿಗೆ ಬಂದು ಬೋರ್ಡನ್ನು ಒಳಗಿಟ್ಟೆ. ಸಿಹಿನೀರಿನಲ್ಲಿ ತೊಳೆಯಲೂ ಇಲ್ಲ.

ಮೇ 14, ಬುಧವಾರ

ಗಾಳಿ ಇಲ್ಲ.

ಮೇ 18, ಭಾನುವಾರ

ಹನ್ನೆರಡು ನಾಟ್, ಅದೂ ಬಿಟ್ಟು ಬಿಟ್ಟು.

ಮೇಡಂ ಪುಳಿಯೋಗರೆ ತಂದಿದ್ದರು. ಎರಡು ಬಸ್ಸು ಬದಲಾಯಿಸಿ ಬರುವವರು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿರಬೇಕು. ನನಗೂ ಏಳುಮಲೈಗೂ ಬಡಿಸಿದರು. ತಾವು ಮುಟ್ಟಲಿಲ್ಲ. "ನನಗೆ ಸೌತೆಕಾಯಿ ಇದೆ" ಎಂದು ಇನ್ನೊಂದು ಡಬ್ಬಿ ತೆರೆದರು. ಕೆನ್ನೆ ಇಳಿದಿದೆ. ನಾನು ಅದನ್ನು ನೋಡಿಯೂ ಇನ್ನೊಂದು ತುತ್ತು ಬಾಯಿಗಿಟ್ಟೆ.

ಊಟವಾದ ಮೇಲೆ ಕೈ ತೊಳೆಯಲು ಹೋಗಿದ್ದೆ. ಬರುವಷ್ಟರಲ್ಲಿ ಮೇಡಂ ಮೇಜಿನ ಮೇಲಿದ್ದ ಈ ಪುಸ್ತಕದ ಮೇಲೆ ಬಗ್ಗಿದ್ದರು.

"ಕನ್ನಡದಲ್ಲಿ ಬರೀತೀರಾ! ನಮ್ಮಮ್ಮ ಅಕ್ಷರ ಕಲಿಸಿದ್ರು, ಆದರೆ ಕೂಡಿಸಿ ಕೂಡಿಸಿ ಓದ್ಬೇಕು ನಾನು. ಇರಿ, ಓದ್ತೀನಿ. ಮಾ... ಧ... ವ... ರಂ. ಅಡೇ, ನಮ್ಮೂರು!"

ಪುಸ್ತಕವನ್ನು ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ ಎಂದೇ ಬರೆಯಬೇಕು. "ಅಂಗಡಿ ವಿಷಯ ಮೇಡಂ" ಅಂದೆ. ಅವರು ತಪ್ಪು ಮಾಡಿದ ಹುಡುಗಿಯ ಹಾಗೆ ಕೈ ಹಿಂದಕ್ಕೆಳೆದುಕೊಂಡು "ಸಾರಿ ಸಾರಿ" ಎಂದರು. ಸಾರಿ ಹೇಳಿದ್ದು ಅವರು.

ಇನ್ನು ಪುಸ್ತಕವನ್ನು ಮನೆಯಲ್ಲಿಡಬೇಕು.

ಮೇ 22, ಗುರುವಾರ

ಮನೀಶ್ ಎಂಬುವನು ಬಂದಿದ್ದ. ಐಟಿ ಕಂಪನಿಯವನು, ಮೂರು ಪಾಠ ಆಗಿದೆ. ರೀಲ್ಸ್‌ನಲ್ಲಿ ನೋಡಿದ ಕಪ್ಪು ಬೋರ್ಡು ಬೇಕು, ಇವತ್ತೇ ಕೊಡಿ ಎಂದ. ನಿನ್ನ ತೂಕಕ್ಕೆ, ನಿನ್ನ ಕಲಿಕೆಗೆ ಇದು ಆಗುವುದಿಲ್ಲ, ಇನ್ನೊಂದು ತಿಂಗಳು ಶಾಲೆಯ ಬೋರ್ಡಿನಲ್ಲೇ ಅಭ್ಯಾಸ ಮಾಡು ಎಂದೆ. ಬೇಜಾರಾಗಿ ಹೊರಟುಹೋದ. ಹೋಗಿ ಮಾಲೀಕರಿಗೇ ಫೋನ್ ಮಾಡಿದ್ದಾನೆ. ಅವರು ನನ್ನನ್ನು ಚೆನ್ನಾಗಿ ಬೈದರು.

ಯಾಕೆ ಹಾಗೆ ಹೇಳಿ ಕಳಿಸಿದೆನೋ. ಬಿಸಿಲಿಗೆ ತಲೆ ಸರಿಯಿಲ್ಲ.

ಮೇ 25, ಭಾನುವಾರ

ಮೂರು ಗಂಟೆಗೆ ಹದಿನೈದು ನಾಟ್ ಇದ್ದದ್ದು ನಾಲ್ಕಕ್ಕೆ ಎಂಟಕ್ಕೆ ಇಳಿಯಿತು.

ಆಗ ನೀರಿನಲ್ಲಿ ನಾಲ್ಕು ಜನ. ಮೂವರು ಹೇಗೋ ದಡಕ್ಕೆ ಬಂದರು. ವೆಂಕಟಲಕ್ಷ್ಮಿಯವರ ಬೋರ್ಡು ಮುಳುಗಿತು, ಕೈಟ್ ನೀರಿಗೆ ಬಿತ್ತು, ಮತ್ತೆ ಏಳಲಿಲ್ಲ. ಅಲೆಗಳ ನಡುವೆ ಅವರ ಕೆಂಪು ಹೆಲ್ಮೆಟ್ ಬಡಗಣಕ್ಕೆ, ಬಂಡೆಗಳ ಕಡೆಗೆ ಹೋಗುವುದು ಕಾಣುತ್ತಿತ್ತು. ಏಳುಮಲೈ ತನ್ನ ಅಣ್ಣನ ಫೈಬರ್ ದೋಣಿಯನ್ನು ನೀರಿಗೆ ತಳ್ಳಿದ. ನಾನೂ ಹಾರಿ ಹತ್ತಿದೆ. ನಾವು ತಲುಪುವಾಗ ಬಂಡೆಗೂ ಅವರಿಗೂ ಇಪ್ಪತ್ತು ಗಜ ಇರಲಿಲ್ಲ. ಕೈಟಿನ ಹಗ್ಗ ಒಂದು ಕಾಲಿಗೆ ಸುತ್ತಿಕೊಂಡಿತ್ತು. ಏಳುಮಲೈ ಚಾಕುವಿನಿಂದ ಕತ್ತರಿಸಿದ. ಕಣಕಾಲಿನ ಸುತ್ತ ರಕ್ತದ ಗೆರೆ.

ದೋಣಿಯಲ್ಲಿ ಉಪ್ಪುನೀರು ಕಕ್ಕಿದರು. ಉಸಿರು ಬಂದ ಮೇಲೆ ಆಡಿದ ಮೊದಲ ಮಾತು, "ಎಲ್ಲರಿಗೂ ತೊಂದರೆ ಕೊಟ್ಟೆ."

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. "ಐವತ್ತು ವರ್ಷ ಸಮುದ್ರ ಇರೋ ಊರಲ್ಲಿದ್ದು ಪಾದ ಮಾತ್ರ ಒದ್ದೆ ಮಾಡ್ಕೊಂಡಿದ್ದೆ ಶ್ರೀಶ. ಅಷ್ಟಕ್ಕೇ ಬಿಡ್ಬೇಕಿತ್ತು. ಈ ದೇಹಕ್ಕೆ ಇದು ಬರಲ್ಲ. ಅಲ್ಲಾ, ನೀವೇ ಹೇಳಿದ್ರಿ ತೂಕ ಅಂತ, ನಾನೇ ಕೇಳ್ಲಿಲ್ಲ. ಬೋರ್ಡು ಇಲ್ಲೇ ಇರ್ಲಿ. ಸಣ್ಣ ವಯಸ್ಸಿನೋರು ಯಾರಾದ್ರೂ ಬಂದ್ರೆ ಕೊಟ್ಬಿಡಿ. ಪಾಪ, ಅದೇನು ಮಾಡುತ್ತೆ."

ಆಗ ಹೇಳಬೇಕಿತ್ತು. ಮೆಟ್ಟಿಲ ಮೇಲೆ ಅವರು, ಎದುರಿಗೆ ನಾನು, ಮಧ್ಯೆ ಯಾರೂ ಇರಲಿಲ್ಲ. ಆಟೋ ಕರೆದು ಹತ್ತಿಸಿ, "ಹುಷಾರು ಮೇಡಂ" ಅಂದೆ.

ಆಟೋ ಹೋದ ಮೇಲೆ ಏಳುಮಲೈಗೆ ಹೇಳಿದೆ, ಆ ಬೋರ್ಡು ಅವರಿಗೆ ತಕ್ಕದ್ದಲ್ಲ ಎಂದು. ಅವನು ಕೈಟಿನ ಮರಳು ಕೊಡವುತ್ತಾ ಇದ್ದ. "ತೆರಿಯುಂ ಅಣ್ಣಾ" ಎಂದ. ಗೊತ್ತು ಅಣ್ಣಾ. ತಲೆ ಎತ್ತಲಿಲ್ಲ.

ಮೇ 27, ಮಂಗಳವಾರ

ಸುಮತಿಗೆ ಎಲ್ಲ ಹೇಳಿದೆ. ಅವಳು ತನ್ನ ತವರಿನವರಿಗೆ ನನ್ನ ಕೆಲಸವನ್ನು ಹೇಳುವ ರೀತಿಯೇ ಬೇರೆ: ದೊಡ್ಡ ಗಾಳಿಪಟಕ್ಕೆ ಸೊಂಟ ಕಟ್ಟಿಕೊಂಡು, ಹಲಗೆ ಮೇಲೆ ನಿಂತು ಸಮುದ್ರದ ಮೇಲೆ ಜಾರೋದನ್ನ ಕಲಿಸ್ತಾರೆ ನಮ್ಮನೆಯವರು, ಒಬ್ಬರಿಗೂ ಏನೂ ಆಗದ ಹಾಗೆ ನೋಡ್ಕೋತಾರೆ. ಇವತ್ತು ಕೊತ್ತಂಬರಿ ಬಿಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ನನ್ನ ಹತ್ರ ಯಾಕೆ ಹೇಳ್ತಿದ್ದೀರಿ? ಪೆಟ್ಟಾಗಿರೋದು ನನ್ನ ಕಾಲಿಗಲ್ಲ."

"ಈಗ ಹೇಳಿದ್ರೆ ಅವ್ರಿಗೆ ಇನ್ನೂ ನೋವಾಗುತ್ತೆ."

"ಅವ್ರಿಗಾ, ನಿಮಗಾ?" ಎಂದು ಮತ್ತೆ ಕೊತ್ತಂಬರಿ ಹಿಡಿದಳು.

ಜೂನ್ 1, ಭಾನುವಾರ

ವೇಲಚೇರಿಯಿಂದ ಬೀಚ್ ಸ್ಟೇಷನ್‌ವರೆಗೆ ರೈಲು, ಅಲ್ಲಿಂದ ಮಾಧವರಂಗೆ ಬಸ್ಸು. ಜೊತೆಗೆ ನೂರ ನಲವತ್ತೆರಡು. ಬಸ್ಸಿನಲ್ಲಿ ಅದನ್ನು ಇಡಲು ಜಾಗವಿಲ್ಲ. ಎರಡು ಮಂಡಿಗಳ ನಡುವೆ ನಿಲ್ಲಿಸಿ ಹಿಡಿದುಕೊಂಡು ಕೂತೆ. ಪಕ್ಕದ ಅಜ್ಜಿ ಇದು ಇಸ್ತ್ರಿ ಮೇಜೇ ಎಂದು ಕೇಳಿದರು. ಹೌದೆಂದೆ. ಇನ್ನೊಂದು ಸುಳ್ಳು. ಎರಡು ನಿಲ್ದಾಣ ದಾಟಿದ ಮೇಲೆ ಅಜ್ಜಿಯ ಕಡೆ ತಿರುಗಿ, ಇಲ್ಲಮ್ಮಾ, ಇದು ಸಮುದ್ರದಲ್ಲಿ ಆಡುವ ಹಲಗೆ ಎಂದು ತಿಳಿಸಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಹಾಲಿನ ಡೈರಿಯ ಹಿಂದಿನ ಕಾಲೋನಿ, ಮೊದಲ ಮಹಡಿ. ಬಾಗಿಲು ತೆರೆದವರು ವೆಂಕಟಲಕ್ಷ್ಮಿಯವರೇ. ಪಟ್ಟಿ ಕಟ್ಟಿದ ಕಾಲನ್ನು ಎಳೆಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಬನ್ನಿ ಬನ್ನಿ, ಇಷ್ಟು ದೂರ! ಕಾಫಿ ಕುಡೀತೀರಾ?"

"ಮೊದಲು ಒಂದು ಮಾತು ಹೇಳ್ಬೇಕು ಮೇಡಂ. ಆಮೇಲೆ ಕಾಫಿ ಕೊಡೋದು ನಿಮಗೆ ಬಿಟ್ಟಿದ್ದು."

ನಿಂತುಕೊಂಡೇ ಹೇಳಿದೆ. ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡ ಮಾತುಗಳೆಲ್ಲ ಮರೆತವು. ಇದು ಬುಕ್ ಆಗಿರಲಿಲ್ಲ, ನಾನೇ ಬಚ್ಚಿಟ್ಟಿದ್ದೆ, ನನಗೆ ಬೇಕು ಅಂತ. ನಿಮಗೆ ಕೊಟ್ಟದ್ದು ಆಲ್‌ರೌಂಡ್ ಅಲ್ಲ, ನಿಮಗೆ ಆಗುವುದಿಲ್ಲ ಅಂತ ಆವತ್ತೇ ಗೊತ್ತಿತ್ತು. ಹಳೆಯದು ಅಂದದ್ದು ಸುಳ್ಳು. ತೂಕದ ಮಾತೂ ಸುಳ್ಳು. ನಿಮ್ಮ ದೇಹದಲ್ಲಿ ಯಾವ ತಪ್ಪೂ ಇರಲಿಲ್ಲ.

ಅವರು ಕುರ್ಚಿಯಲ್ಲಿ ಕೂತರು. ಬೋರ್ಡನ್ನು ನೋಡಿದರು, ನನ್ನನ್ನು ನೋಡಲಿಲ್ಲ. "ಹಾಗಾದ್ರೆ ನಂಗೆ ಬರುತ್ತೆ?" ಎಂದು ಕೇಳಿದರು.

"ಬರುತ್ತೆ ಮೇಡಂ. ಆ ಬೋರ್ಡಲ್ಲಿ ನೀವು ಅಷ್ಟು ದೂರ ಹೋಗಿದ್ದೇ ಹೆಚ್ಚು. ನಾನಾಗಿದ್ರೂ ಮುಳುಗ್ತಿದ್ದೆ."

"ಸಂತೋಷ ಆಗ್ತಿದೆ ನೋಡಿ. ಅದಕ್ಕೇ ನಿಮ್ಮ ಮೇಲೆ ಇನ್ನೂ ಸಿಟ್ಟು ಬಂದಿಲ್ಲ. ನಾಳೆ ಬರುತ್ತೆ. ಅದನ್ನ ಗೋಡೆಗೆ ಒರಗಿಸಿ ಹೋಗಿ."

ಒರಗಿಸಿ ಬಂದೆ. ಕಾಫಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೇಳಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಆಗಲಿಲ್ಲ.

ಜೂನ್ 2, ಸೋಮವಾರ

ಮಧ್ಯಾಹ್ನ ಒಂದೂಕಾಲಕ್ಕೆ ವೆಂಕಟಲಕ್ಷ್ಮಿಯವರ ಫೋನ್ ಬಂತು. ಆಫೀಸಿನ ಊಟದ ಬಿಡುವು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಸಿಟ್ಟು ಬಂದಿದೆ. ಅದಕ್ಕೇ ಮಾಡಿದ್ದು."

"ಹೇಳಿ ಮೇಡಂ."

"ಮೂರು ವಾರದಿಂದ ರಾತ್ರಿ ಊಟ ಬಿಟ್ಟಿದ್ದೆ. ಆಫೀಸಲ್ಲಿ ಎರಡು ಸಲ ತಲೆ ಸುತ್ತಿ ಕೂತ್ಕೊಂಡೆ. ಕನ್ನಡೀಲಿ ನನ್ನನ್ನ ನಾನೇ ಬೈಕೋತಿದ್ದೆ, ಆನೆ ಅಂತ. ಗೊತ್ತಾ ನಿಮಗೆ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಬಂಡೆ ಹತ್ರ ಬಂದಾಗ ಏನಂದುಕೊಂಡೆ ಗೊತ್ತಾ? ಸತ್ರೆ ನಂದೇ ತಪ್ಪು, ಏಳುಮಲೈ ತಂಬಿನ ಯಾರೂ ಬೈಬಾರ್ದು ಅಂತ. ನಿಮ್ಮನ್ನೂ ಸೇರಿಸ್ಕೊಂಡಿದ್ದೆ ಅದರಲ್ಲಿ. ಇನ್ನೊಂದು ಕೇಳಿ. ನೀವು ತಮಿಳಲ್ಲಿ ಹೇಳಿದ್ದಿದ್ರೆ ನಾನು ಇನ್ನೆರಡು ಕಡೆ ವಿಚಾರಿಸ್ತಿದ್ದೆ. ಮನೆ ಮಾತಲ್ಲಿ ಹೇಳಿದ್ರಲ್ಲ, ಅದಕ್ಕೇ ಚೀಟಿ ಮಡಚಿ ಇಟ್ಕೊಂಡೆ."

ಕ್ಷಮಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದುಬಿಟ್ಟರೆ ಅವರು ಉತ್ತರ ಕೊಡಬೇಕಾಗುತ್ತದೆ. ಅದಕ್ಕೇ ಅನ್ನಲಿಲ್ಲ.

"ಅಷ್ಟೇ" ಎಂದು ಇಟ್ಟುಬಿಟ್ಟರು.

ಜೂನ್ 3, ಮಂಗಳವಾರ

ಮಾಲೀಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಬೋರ್ಡು ಬಚ್ಚಿಟ್ಟದ್ದರಿಂದ ಹಿಡಿದು ದೋಣಿಯವರೆಗೆ. ಅವರು ಕೂಗಾಡಲಿಲ್ಲ. "ಸೀಸನ್ ಮುಗಿಯಲಿ, ನಿನ್ನ ವಿಷಯ ಆಮೇಲೆ ನೋಡೋಣ" ಎಂದರು. ಕೂಗಾಡಿದ್ದರೇ ಚೆನ್ನಾಗಿತ್ತು.

ನೂರ ಮೂವತ್ತನಾಲ್ಕರ ಮೇಲೆ ಒಂದು ಚೀಟಿ ಅಂಟಿಸಿದೆ: ಜೋರು ಗಾಳಿಗೆ, ಅನುಭವ ಇದ್ದವರಿಗೆ ಮಾತ್ರ. ಇಂಗ್ಲಿಷಿನಲ್ಲಿ, ತಮಿಳಿನಲ್ಲಿ. ಆಮೇಲೆ ಕನ್ನಡದಲ್ಲಿ. ಕನ್ನಡ ಓದುವವರು ಇಲ್ಲಿಗೆ ಯಾರು ಬರುತ್ತಾರೆ, ಆದರೂ.

ಜೂನ್ 8, ಭಾನುವಾರ

ಹದಿನೈದು ನಾಟ್. ಅವರು ಬರಲಿಲ್ಲ.

ಜೂನ್ 15, ಭಾನುವಾರ

ಬರಲಿಲ್ಲ. ಕಾಲು ಇನ್ನೂ ವಾಸಿಯಾಗಿಲ್ಲವೋ, ಅಥವಾ ಬಿಟ್ಟೇಬಿಟ್ಟರೋ. ಏಳುಮಲೈಯನ್ನು ಕೇಳಲು ಧೈರ್ಯವಾಗಲಿಲ್ಲ. ನಾನು ಸೀಳಿದ ಹಳೆಯ ಬೋರ್ಡಿಗೆ ಟೇಪು ಸುತ್ತಿ ಅರ್ಧ ಗಂಟೆ ಇಳಿದು ಬಂದೆ.

ಜೂನ್ 22, ಭಾನುವಾರ

ಹದಿನಾಲ್ಕು ನಾಟ್, ಆಗ್ನೇಯ, ಒಂದೇ ಸಮ.

ಮೂರು ಗಂಟೆಗೆ ಬಂದರು. ನೂರ ನಲವತ್ತೆರಡು ಹೊತ್ತುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಾರೆ. ಕಾಲಿಗೆ ಕಂದು ಬಣ್ಣದ ಪಟ್ಟಿ. ಏಳುಮಲೈಯ ಹತ್ತಿರ ನಗುತ್ತಾ ಮಾತಾಡಿದರು. ನನ್ನ ಎದುರಿಗೇ ಹಾದು ಹೋದರು, ಬಾಗಿಲನ್ನು ದಾಟಿದ ಹಾಗೆ. ನಾನು ಅಂಗಡಿಯೊಳಗೇ ಉಳಿದೆ.

ನಾಲ್ಕರ ಹೊತ್ತಿಗೆ ಏಳುಮಲೈ ಇನ್ನೊಬ್ಬ ಕಲಿಯುವವನ ಜೊತೆ ನೀರಿಗಿಳಿದ, ಬೇಗ ಬರಲಿಲ್ಲ. ವೆಂಕಟಲಕ್ಷ್ಮಿಯವರು ಕೈಟ್ ಊದಿ, ಹಗ್ಗಗಳನ್ನು ಹಾಸಿ, ಸೊಂಟಕ್ಕೆ ಕಟ್ಟಿಕೊಂಡು ಕಾಯುತ್ತಿದ್ದರು. ಆಚೆ ತುದಿಯಲ್ಲಿ ಕೈಟನ್ನು ಎತ್ತಿ ಹಿಡಿಯುವವರು ಒಬ್ಬರು ಬೇಕೇ ಬೇಕು. ಹಿಡಿದವನು ಹೊತ್ತಲ್ಲದ ಹೊತ್ತಿನಲ್ಲಿ ಕೈಬಿಟ್ಟರೆ ಗಾಳಿ ಆಳನ್ನೇ ಎಳೆದು ಬಿಸಾಡುತ್ತದೆ. ಸುತ್ತ ನೋಡಿದರು. ದಡದಲ್ಲಿ ಐಸ್‌ಕ್ರೀಂ ಗಾಡಿಯವನು ಬಿಟ್ಟರೆ ನಾನೊಬ್ಬನೇ.

ಹೋಗಿ ಕೈಟಿನ ಪಕ್ಕ ನಿಂತೆ. ಮುಟ್ಟಲಿಲ್ಲ. ಇಪ್ಪತ್ತೆರಡು ಮೀಟರ್ ದೂರದಿಂದ ನನ್ನನ್ನು ನೋಡಿದರು. ಮಾಧವರಂನಿಂದೀಚೆಗೆ ಮೊದಲ ಸಲ ನೇರವಾಗಿ ನೋಡಿದ್ದು. ನಾನು ಮುಖ ತಗ್ಗಿಸಿಬಿಟ್ಟೆ.

"ಹಿಡ್ಕೊಳ್ಳಿ!" ಎಂದು ಕೂಗಿದರು.

ಹಿಡಿದೆ. ನಾಲ್ಕೂ ಹಗ್ಗಗಳನ್ನು ಕಣ್ಣಲ್ಲೇ ತಡವಿ ನೋಡಿದೆ, ಮತ್ತೊಮ್ಮೆ ನೋಡಿದೆ. ಒಂದು ಕೈಟಿನ ಅಂಚಿಗೆ ಸಿಕ್ಕಿತ್ತು, ಬಿಡಿಸಿದೆ. ಅವರು ಹಿಂದಕ್ಕೆ ಸರಿದು ಹಗ್ಗ ಬಿಗಿಯಾಗುವ ತನಕ ಕಾದು, ಹೆಬ್ಬೆರಳು ಎತ್ತಿದರು. ಕೈಬಿಟ್ಟೆ. ಕೈಟ್ ಯಾವ ಗದ್ದಲವೂ ಇಲ್ಲದೆ ನೆತ್ತಿಯ ಮೇಲಕ್ಕೆ ಏರಿತು. ಅವರು ಬೋರ್ಡು ಹಿಡಿದು ನೀರಿಗೆ ನಡೆದರು.

ಮೊದಲ ಸಲ ಬಿದ್ದರು. ಎರಡನೆಯ ಸಲ ಎದ್ದು ಹೊರಟವರು ಅಲೆ ಮುರಿಯುವ ಗೆರೆಯನ್ನು ದಾಟಿ, ಇನ್ನೂ ಆಚೆ, ಮೀನು ದೋಣಿಗಳು ನಿಲ್ಲುವ ಕಡೆ ಹೋದರು. ಅಲ್ಲಿ ತಿರುಗಿದರು. ನಾನು ಅಭ್ಯಾಸಬಲದಿಂದ ಬಡಗಣಕ್ಕೆ ನಡೆಯತೊಡಗಿದ್ದೆ, ಅವರನ್ನು ಇಳಿಸಿಕೊಳ್ಳಲು. ಇಪ್ಪತ್ತು ಹೆಜ್ಜೆ ಹಾಕಿದ ಮೇಲೆ ನೋಡಿದರೆ ಅವರು ನನ್ನ ಬೆನ್ನಿನ ಕಡೆಗೆ ಬರುತ್ತಿದ್ದಾರೆ. ತೆಂಕಣಕ್ಕೆ. ಗಾಳಿಗೆ ಎದುರಾಗಿ. ತಿರುಗಿ ಓಡಿದೆ.

ಹೊರಟ ಜಾಗಕ್ಕಿಂತಲೂ ತೆಂಕಣಕ್ಕೆ ದಡ ಹತ್ತಿದರು. ಕೈಟ್ ಇಳಿಸು ಎಂದು ತಲೆ ತಟ್ಟಿ ಸನ್ನೆ ಮಾಡಿದರು. ಹಿಡಿದು ಮರಳಿಗೆ ಒರಗಿಸಿದೆ. ಅವರು ಏದುಸಿರು ಬಿಡುತ್ತಾ, ತಮ್ಮ ಮೊದಲಿನ ಹೆಜ್ಜೆ ಗುರುತು ಎಲ್ಲಿವೆ ಎಂದು ಮರಳಿನ ಮೇಲೆ ಹುಡುಕಿದರು.

"ಎಲ್ಲಿಂದ ಹೊರಟೆ ನಾನು?"

ತೋರಿಸಿದೆ. ಅಲ್ಲಿಂದ ಇಲ್ಲಿಗೆ ಹೆಜ್ಜೆಯಿಟ್ಟು ಅಳೆದರು. ಹನ್ನೊಂದು ಹೆಜ್ಜೆ. ಎರಡು ಕೈಗಳಿಂದಲೂ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ.

"ಮೇಡಂ" ಅಂದೆ.

"ಮಾತಾಡಬೇಡಿ" ಎಂದರು, ಕೈ ತೆಗೆಯದೆಯೇ. ಆಮೇಲೆ ಮುಖ ಒರೆಸಿಕೊಂಡು, ಹಗ್ಗಗಳ ತುದಿಯ ಬಾರ್ ಹಿಡಿದು ಹಿಂದಕ್ಕೆ ಸರಿದು ನಿಂತರು. "ಗಾಳಿ ಇನ್ನೂ ಒಂದು ಗಂಟೆ ಇರುತ್ತೆ. ಹಿಡ್ಕೊಳ್ಳಿ."

ಹಿಡಿದೆ.